ಗಂಜಿ ಕೇಂದ್ರಕ್ಕೆ ಮುದ್ದೆ ಬಂದದ್ದು

ನನ್ನನ್ನು ಹೋಮ್‌ಗಾರ್ಡಿಗೆ ಸೇರಿಸಿದವರು ನಮ್ಮತ್ತೆ. ಹೀಗೆಂದರೆ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ಸೊಸೆ ಹೊಸಿಲು ದಾಟಿದರೆ ಮುನಿಸಿಕೊಳ್ಳುವ ಅತ್ತೆಯರ ಕಥೆಗಳೇ ನಮ್ಮ ಕಡೆ ಹೆಚ್ಚು. ನಮ್ಮತ್ತೆಯ ಲೆಕ್ಕಾಚಾರ ಬೇರೆಯೇ ಇತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಪಾಂಡವಪುರದ ಹತ್ತಿರದ ಹಳ್ಳಿಯವಳು. ಪಿಯುಸಿ ಮುಗಿಸಿದ ಮೇಲೆ ಮದುವೆಯಾಗಿ ಶ್ರೀರಂಗಪಟ್ಟಣದ ಪಕ್ಕ ಹೊಳೆ ದಂಡೆಯ ಒಂದು ಕೊಪ್ಪಲಿಗೆ ಬಂದಿದ್ದೆ. ಮನೆಯಲ್ಲಿ ಭತ್ತದ ಗದ್ದೆ, ಒಂದಿಷ್ಟು ಕಬ್ಬು, ಎಮ್ಮೆಗಳು, ಎರಡು ಸೀಮೆಹಸು. ನಮ್ಮೆಜಮಾನರು ಹಾಲಿನ ಡೈರಿಯ ವ್ಯಾನು ಓಡಿಸುತ್ತಿದ್ದರು. ಮಾವ ತೀರಿಹೋಗಿ ವರ್ಷಗಳಾಗಿದ್ದವು, ಮನೆ ನಡೆಯುತ್ತಿದ್ದದ್ದು ಅತ್ತೆಯ ಮಾತಿನ ಮೇಲೆ.

ಒಂದು ಬೆಳಿಗ್ಗೆ ನಾವಿಬ್ಬರೂ ಡೈರಿಯ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದೆವು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಸೈಕಲ್ಲಿನಿಂದ ಇಳಿದು ಬಂದರು. ಅವರು ಶಾಲೆಯಲ್ಲಿ ಮೇಷ್ಟ್ರು, ಸಂಜೆ ಹೊತ್ತು ಮತ್ತು ಭಾನುವಾರ ತಾಲ್ಲೂಕಿನ ಗೃಹರಕ್ಷಕ ದಳದ ಘಟಕಾಧಿಕಾರಿ. ಹೆಂಗಸರದ್ದೂ ಒಂದು ತುಕಡಿ ಕಟ್ಟಬೇಕೆಂದು ಜಿಲ್ಲೆಯಿಂದ ಆದೇಶ ಬಂದಿದೆ, ಓದು ಬರಹ ಬಲ್ಲವರು ಯಾರಾದರೂ ಬನ್ನಿ ಎಂದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ನಗು ನಿಲ್ಲುವ ಮೊದಲೇ ಅತ್ತೆ ನನ್ನ ಮೊಣಕೈ ಹಿಡಿದು ಮುಂದಕ್ಕೆ ದೂಡಿದ್ದರು.

ಮನೆಗೆ ಬರುವ ದಾರಿಯಲ್ಲಿ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವನು ದಿನಾ ನೀರು ಬೆರೆಸಿದ್ದಾರೆ ಎನ್ನುವ ಹಾಗೆ ನಮ್ಮ ಕ್ಯಾನಿನ ಮುಂದೆ ಮುಖ ಸಿಂಡರಿಸುತ್ತಾನಲ್ಲ, ಅದಕ್ಕೆ ಎಂದರು. “ಮನೇಲಿ ಒಂದು ಖಾಕಿ ಇರ್ಲಿ ಕಣವ್ವ. ಆಮೇಕೆ ಯಾರೂ ಸುಮ್‌ಸುಮ್ನೆ ತಕರಾರು ತಗಿಯಾಕಿಲ್ಲ.”

ಯಜಮಾನರು ರಾತ್ರಿ ಊಟಕ್ಕೆ ಕೂತಾಗ ಸುದ್ದಿ ಕೇಳಿ, ನನ್ನ ಮುಖ ನೋಡಿ, ಅವರಮ್ಮನ ಮುಖ ನೋಡಿ, ಸಾರು ಬಡಿಸಲು ಹೇಳಿದರು. ಅದೇ ಅವರ ಒಪ್ಪಿಗೆ.

ತರಬೇತಿ ಪಾಂಡವಪುರದಲ್ಲಿ ನಡೆಯಿತು. ತವರಿಗೆ ಹತ್ತಿರವೆಂದು ನನಗೆ ಒಳಗೊಳಗೇ ಖುಷಿ. ಆಟದ ಮೈದಾನದಲ್ಲಿ ಬೆಳಗಿನ ಹೊತ್ತು ಕವಾಯತು, ಮಧ್ಯಾಹ್ನ ಪಾಠ. ನಮ್ಮ ತುಕಡಿಯಲ್ಲಿ ಬಟ್ಟೆ ಹೊಲಿಯುವವರು, ಅಂಗನವಾಡಿ ಸಹಾಯಕಿಯರು, ನನ್ನಂಥ ಎಮ್ಮೆ ಕಟ್ಟಿದವರು ಎಲ್ಲರೂ ಇದ್ದೆವು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯಲ್ಲಿ ಹೂವು ಮಾರುವವಳು, ಬಹಳ ಚುರುಕು. ಆದರೆ ಕವಾಯತಿನ ಹಿಂದಿ ಆಜ್ಞೆ ಅವಳಿಗೆ ಹತ್ತಲಿಲ್ಲ. ಬಲಕ್ಕೆ ತಿರುಗಲು ದಾಯೆ ಎಂದರೆ ಎಡಕ್ಕೆ ತಿರುಗಿ ನನ್ನ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದಳು. ಇಬ್ಬರಿಗೂ ನಗು ಬಂದು, ಇಬ್ಬರೂ ಮೈದಾನ ಸುತ್ತು ಹೊಡೆಯುತ್ತಿದ್ದೆವು.

ಪಾಠ ಹೇಳಲು ಸೈನ್ಯದಿಂದ ನಿವೃತ್ತರಾದ ಒಬ್ಬ ಹವಾಲ್ದಾರರು ಮಂಡ್ಯದಿಂದ ಬರುತ್ತಿದ್ದರು. ಅವರು ಕಪ್ಪು ಹಲಗೆಯ ಮೇಲೆ ಒಂದು ದೊಡ್ಡ ಮರ ಬರೆದು ಸರ್ಕಾರದ ವ್ಯವಸ್ಥೆ ವಿವರಿಸಿದರು. ತುದಿಯಲ್ಲಿ ದಿಲ್ಲಿ, ಅದರ ಕೆಳಗೆ ಬೆಂಗಳೂರು, ಆಮೇಲೆ ಜಿಲ್ಲೆಯ ಕಮಾಂಡೆಂಟರು, ಅದರ ಕೆಳಗೆ ಘಟಕ, ಎಲ್ಲಕ್ಕಿಂತ ಕೆಳಗೆ ಬೇರಿನಲ್ಲಿ ನಾವು. ಕಳ್ಳನನ್ನು ಹಿಡಿಯುವುದು ಪೊಲೀಸರ ಕೆಲಸ. ಬೆಂಕಿ ಬಿದ್ದರೆ ಅಗ್ನಿಶಾಮಕ ದಳ. ಅಣೆಕಟ್ಟೆಯ ಬಾಗಿಲು ತೆಗೆಯುವುದು ನೀರಾವರಿಯವರು, ಊರು ಖಾಲಿ ಮಾಡಿ ಎಂದು ಹೇಳುವುದು ತಹಸೀಲ್ದಾರರು. ನಾವು ಈ ಎಲ್ಲರಿಗೂ ಕೈಯಾಳುಗಳು. ಪೊಲೀಸರ ಹಾಗೆ ತಿಂಗಳ ಸಂಬಳವಿಲ್ಲ, ನಮ್ಮದು ಗೌರವ ಸೇವೆ. ಕೆಲಸಕ್ಕೆ ಕರೆದ ದಿನ ಮಾತ್ರ ಭತ್ಯೆ, ಅದನ್ನೂ ಕರೆಸಿಕೊಂಡ ಇಲಾಖೆಯೇ ಕೊಡಬೇಕು. ಸಮವಸ್ತ್ರ ಮತ್ತು ಶೂಗೆ ದಿಲ್ಲಿಯೂ ಒಂದು ಪಾಲು ಹಾಕುತ್ತದೆ, ಬೆಂಗಳೂರೂ ಒಂದು ಪಾಲು ಹಾಕುತ್ತದೆ ಎಂದರು. ಹೂವಿನವಳು ಎದ್ದು ನಿಂತು, ಹಾಗಾದರೆ ಒಂದು ಕಾಲಿನ ಶೂ ದಿಲ್ಲಿಯದು, ಇನ್ನೊಂದು ಬೆಂಗಳೂರಿನದು ಅನ್ನಿ ಸಾರ್ ಎಂದಳು. ಹವಾಲ್ದಾರರು ನಗದೆ ಹೌದೆಂದರು. ಶೂ ಬಂದಾಗ ನೋಡಿದರೆ ಅವಳ ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಅವಳು ಅದನ್ನು ಎತ್ತಿ ಹಿಡಿದು, ಯಾವುದು ದಿಲ್ಲಿಯದು ಎಂದು ಎಲ್ಲರನ್ನೂ ಕೇಳುತ್ತ ಓಡಾಡಿದಳು.

ಗಾಯಗೊಂಡವರನ್ನು ಹೊರುವುದನ್ನೂ ಕಲಿಸಿದರು. ಒಬ್ಬರ ಕೈ ಹಿಡಿದು ಬಗ್ಗಿ, ಅವರ ಹೊಟ್ಟೆಯನ್ನು ನಮ್ಮ ಹೆಗಲ ಮೇಲೆ ಅಡ್ಡ ಹಾಕಿಕೊಂಡು, ಮಂಡಿಯ ಬಲದಿಂದ ಏಳಬೇಕು. ನಾನು ಹುಲ್ಲಿನ ಹೊರೆ ಹೊತ್ತು ಬೆಳೆದವಳು. ಹೂವಿನವಳನ್ನು ಹೊತ್ತು ಮೈದಾನದ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆ. ಹವಾಲ್ದಾರರು ಮೊದಲ ಸಲ ನನ್ನನ್ನು ಹೊಗಳಿದರು.

ಖಾಕಿ ಸೀರೆ ಉಟ್ಟು, ಟೋಪಿ ಇಟ್ಟು ಮೊದಲ ಸಲ ಮನೆಗೆ ಬಂದ ದಿನ ಅತ್ತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದರು. ಮಾರನೆಯ ಬೆಳಿಗ್ಗೆ ಹಾಗೇ ಡೈರಿಗೆ ಬಾ ಎಂದರು. ಹೋದೆ. ಡಿಗ್ರಿ ನೋಡುವವನು ನನಗೆ ನಮಸ್ಕಾರ ಹೇಳಿ, ಕಡ್ಡಿ ಅದ್ದಿ, ಎಂದಿನ ಹಾಗೇ ಮುಖ ಸಿಂಡರಿಸಿದ. ಅತ್ತೆ ದಾರಿಯುದ್ದಕ್ಕೂ ಬೈದದ್ದು ಎಮ್ಮೆಯನ್ನು.

ಮೊದಮೊದಲು ನಮಗೆ ಸಿಕ್ಕಿದ್ದೆಲ್ಲ ನಿಲ್ಲುವ ಕೆಲಸ. ನಾಗಮಂಗಲದಲ್ಲಿ ಪರೀಕ್ಷೆ ನಡೆದಾಗ ಶಾಲೆಯ ಕಿಟಕಿಗಳ ಹೊರಗೆ ನಿಂತೆವು, ಒಳಕ್ಕೆ ಚೀಟಿ ಎಸೆಯಲು ಬಂದ ಅಣ್ಣಂದಿರು ನಮ್ಮನ್ನು ಕಂಡು ಬೇವಿನ ಮರದ ಕೆಳಗೆ ಸುಮ್ಮನೆ ಕೂತರು. ಕೆ.ಆರ್. ಪೇಟೆಯಲ್ಲಿ ಚುನಾವಣೆಗೆ ಹೆಂಗಸರ ಸಾಲು ನೋಡಿಕೊಂಡೆವು. ಬೆಳ್ಳೂರು ಕ್ರಾಸಿನಲ್ಲಿ ಯಾರೋ ಮಂತ್ರಿಗಳು ಹಾಸನಕ್ಕೆ ಹೋಗುತ್ತಾರೆಂದು ಬೆಳಿಗ್ಗೆಯಿಂದ ಬಿಸಿಲಿನಲ್ಲಿ ನಿಂತಿದ್ದೆವು. ಹೋಟೆಲಿನವರು ಪಾಪವೆಂದು ಇಡ್ಲಿ ಕೊಟ್ಟರು. ಹೂವಿನವಳು ಇಡ್ಲಿ ಮುರಿದು ಚಟ್ನಿಗೆ ಅದ್ದುವಷ್ಟರಲ್ಲಿ ಕಾರುಗಳು ಹಾರನ್ನು ಹೊಡೆಯುತ್ತ ಬಂದವು, ಹೋದವು. ಅವಳು ಚಟ್ನಿಯ ಕೈಯಲ್ಲೇ ಸೆಲ್ಯೂಟು ಹೊಡೆದಳು. ಟೋಪಿಯ ಅಂಚಿನಲ್ಲಿ ಆ ಹಸಿರು ಕಲೆ ಬಹಳ ದಿನ ಇತ್ತು.

ಹೀಗಿರುವಾಗ ಒಂದು ಆಷಾಢದಲ್ಲಿ ಹೊಳೆ ಬಂತು.

ನಮ್ಮ ಕಡೆ ಹೊಳೆ ಬರುವುದು ವಿಚಿತ್ರ. ನಮ್ಮ ಆಕಾಶದಲ್ಲಿ ಬಿಸಿಲಿರುತ್ತದೆ, ಅಂಗಳದಲ್ಲಿ ಸಂಡಿಗೆ ಒಣಗುತ್ತಿರುತ್ತದೆ. ಮಳೆ ಹೊಯ್ಯುವುದು ಕೊಡಗಿನಲ್ಲಿ. ಕನ್ನಂಬಾಡಿ ಕಟ್ಟೆ ತುಂಬಿ ಬಾಗಿಲು ತೆಗೆದರೆ ಮಾತ್ರ ನಮಗೆ ಗೊತ್ತಾಗುವುದು. ಕಟ್ಟೆಯ ಎಂಜಿನಿಯರು ಜಿಲ್ಲಾಧಿಕಾರಿ ಕಚೇರಿಗೆ ಫೋನು ಮಾಡಬೇಕು, ಅಲ್ಲಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಗ್ರಾಮಲೆಕ್ಕಿಗರಿಗೆ, ಅವರಿಂದ ತಮಟೆ ಹೊಡೆಯುವವನಿಗೆ. ಆದರೆ ಸುದ್ದಿ ಅಷ್ಟು ಮೆಟ್ಟಿಲು ಇಳಿಯುವ ಮೊದಲೇ, ಕಟ್ಟೆಯ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು ನಮಗೆಲ್ಲ ಹೇಳಿಯಾಗಿರುತ್ತಿತ್ತು. ಆ ಸಲವೂ ಹಾಗೇ ಆಯಿತು. ನೀರು ಎಂದಿಗಿಂತ ಹೆಚ್ಚು ಬಿಡುತ್ತಾರಂತೆ ಎಂದು ಬಸ್ಸಿನಲ್ಲಿ ಕೇಳಿಕೊಂಡು ನಾನು ನೇರವಾಗಿ ತಾಲ್ಲೂಕು ಕಚೇರಿಗೆ ಹೋದೆ. ನಮ್ಮವರೆಲ್ಲ ಆಗಲೇ ಸೇರುತ್ತಿದ್ದರು.

ತಹಸೀಲ್ದಾರರು ಹೊಸಬರು, ವಯಸ್ಸಿನಲ್ಲಿ ಚಿಕ್ಕವರು, ಬಿಜಾಪುರದ ಕಡೆಯವರು. ಅವರ ಊರಿನಲ್ಲಿ ನೀರೇ ಇಲ್ಲ, ಇಲ್ಲಿ ಬಂದ ವರ್ಷವೇ ಹೊಳೆ. ಆದರೂ ಗಾಬರಿ ಬೀಳದೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದರು. ಸೇತುವೆ ಮುಚ್ಚುವುದು ಪೊಲೀಸರು. ಮಂಡ್ಯದಿಂದ ಅಗ್ನಿಶಾಮಕದವರು ರಬ್ಬರು ದೋಣಿ ತರುತ್ತಾರೆ. ಔಷಧಿ, ನೀರಿಗೆ ಹಾಕುವ ಮಾತ್ರೆ ಆಸ್ಪತ್ರೆಯವರು. ತಗ್ಗಿನ ಕೊಪ್ಪಲುಗಳಿಂದ ಜನರನ್ನು ಎತ್ತರದ ಶಾಲೆಗೆ ಕರೆತರುವುದು ಗೃಹರಕ್ಷಕರು. ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದು ಊಟ ಹಾಕುವುದು ಕಂದಾಯ ಇಲಾಖೆ. ಡ್ರಿಲ್ ಮೇಷ್ಟ್ರು ಕೊಪ್ಪಲುಗಳ ಹೆಸರು ಓದುತ್ತ ಬಂದು ನಮ್ಮ ಕೊಪ್ಪಲಿಗೆ ನನ್ನ ಹೆಸರನ್ನೂ ಹೂವಿನವಳ ಹೆಸರನ್ನೂ ಹೇಳಿದರು. ಅಲ್ಲಿನವಳಾದ್ದರಿಂದ ನನ್ನ ಮಾತು ಕೇಳುತ್ತಾರೆ ಎಂಬುದು ಅವರ ಎಣಿಕೆ.

ಹೂವಿನವಳೂ ನಾನೂ ಮನೆಮನೆ ಬಾಗಿಲು ತಟ್ಟಿಕೊಂಡು ಬಂದೆವು. ಗಂಡಸರು ತಲೆಯಾಡಿಸಿದರು, ಹೆಂಗಸರು ಒಂದೇ ಪ್ರಶ್ನೆ ಕೇಳಿದರು. ನಿಮ್ಮತ್ತೆ ಬತ್ತಾಳಾ? ನಾನು ನಮ್ಮ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೋದರೆ ಅತ್ತೆ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

ನಾನು ಟೋಪಿ ಸರಿಮಾಡಿಕೊಂಡು, ತರಬೇತಿಯಲ್ಲಿ ಕಲಿಸಿದಂತೆ, ಸರ್ಕಾರದ ಆದೇಶವಾಗಿದೆ, ಸಂಜೆಯೊಳಗೆ ಶಾಲೆಗೆ ಬರಬೇಕು ಎಂದೆ. ಅವರು ತಲೆ ಎತ್ತಲಿಲ್ಲ. ಎಮ್ಮೆಗಳು ಎಲ್ಲಿಗೆ ಬರಬೇಕು ಎಂದು ಕೇಳಿದರು. ಸಭೆಯಲ್ಲಿ ದೋಣಿಯ ಮಾತು ಬಂದಿತ್ತು, ಮಾತ್ರೆಯ ಮಾತು ಬಂದಿತ್ತು, ಎಮ್ಮೆಯ ಮಾತು ಯಾರೂ ಎತ್ತಿರಲಿಲ್ಲ.

“ಅಂಗಾದ್ರೆ ನಾನೂ ಬರಾಕಿಲ್ಲ ಬುಡು. ಓಗಿ ನಿಮ್ಮ ತಾಸೀಲ್ದಾರ್‌ಗೆ ಏಳು.”

ಈ ಮಾತು ಬೀದಿಯ ಆಚೆ ತುದಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಗಂಟು ಕಟ್ಟುತ್ತಿದ್ದ ಹೆಂಗಸರು ಗಂಟು ಬಿಚ್ಚಿದರು. ಒಬ್ಬೊಬ್ಬರೇ ಬಂದು ನಮ್ಮ ಜಗಲಿಯ ಮೇಲೆ ಕೂತರು. ನಾನು ಖಾಕಿ ಸೀರೆಯಲ್ಲಿ ಅವರೆದುರು ನಿಂತಿದ್ದೆ. ನನಗೆ ಸಿಟ್ಟು ಬಂದಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಸೀಮೆಹಸುಗಳಲ್ಲಿ ಒಂದಕ್ಕೆ ದಿನ ತುಂಬಿತ್ತು, ಅದನ್ನು ನೀರಿಗೆ ಬಿಟ್ಟು ಬರಲು ನನಗೂ ಮನಸ್ಸಿರಲಿಲ್ಲ. ಹೂವಿನವಳನ್ನು ಅಲ್ಲೇ ಬಿಟ್ಟು ರಸ್ತೆಗೆ ಓಡಿದೆ. ಡ್ರಿಲ್ ಮೇಷ್ಟ್ರೂ ತಹಸೀಲ್ದಾರರೂ ಜೀಪಿನಲ್ಲಿ ಸಿಕ್ಕರು.

ತಹಸೀಲ್ದಾರರು ನೇರ ನಮ್ಮ ಮನೆಗೇ ಬಂದರು. ಜಗಲಿಯ ಅಂಚಿನಲ್ಲಿ ಕೂತು, ಅತ್ತೆ ಕೊಟ್ಟ ಕಡಲೆಕಾಯಿ ಬಾಯಿಗೆ ಹಾಕಿಕೊಂಡು, ತಮ್ಮ ಕಷ್ಟ ಹೇಳಿಕೊಂಡರು. ಸರ್ಕಾರ ಒಂದೊಂದು ಕೆಲಸಕ್ಕೆ ಒಂದೊಂದು ಲೆಕ್ಕದ ಶೀರ್ಷಿಕೆಯಲ್ಲಿ ಹಣ ಇಡುತ್ತದೆ. ಹೊಳೆ ಬಂದಾಗ ಜನಕ್ಕೆ ಊಟ ಹಾಕಬಹುದು, ಬಟ್ಟೆ ಕೊಡಬಹುದು, ಬಿದ್ದ ಮನೆಗೆ ಪರಿಹಾರ ಕೊಡಬಹುದು. ದನಗಳ ಮಾತು ಅದರಲ್ಲಿಲ್ಲ.

“ಬರಗಾಲ ಬಿದ್ರ ದನದ ಮೇವಿಗೆ ರೊಕ್ಕ ಕೊಡಾಕ ಬರ್ತೈತ್ರಿ ಅಮ್ಮಾರ. ಹೊಳಿ ಬಂದ್ರ ಬರಂಗಿಲ್ಲ” ಎಂದರು.

ಅತ್ತೆ ಸಿಪ್ಪೆ ಕೊಡವಿಕೊಂಡರು. “ಅಂಗಾದ್ರೆ ಬರ ಬಂದಾಗ್ಲೇ ಬರ್ತೀವಿ, ಓಗಿ ಸ್ವಾಮಿ.”

ತಹಸೀಲ್ದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜಗಲಿಯೇ ನಕ್ಕಿತು. ನಗು ಮುಗಿದ ಮೇಲೆ ಕೆಲಸ ಸುಲಭವಾಯಿತು. ಕರಿಘಟ್ಟದ ದಾರಿಯಲ್ಲಿ ಎತ್ತರದ ಜಾಗದಲ್ಲಿ ಒಂದು ಆಲೆಮನೆ ಬೆಲ್ಲ ಕಾಯಿಸುವ ಕೆಲಸವಿಲ್ಲದೆ ಖಾಲಿ ಬಿದ್ದಿದೆ, ಅದರ ಯಜಮಾನ ತಮ್ಮ ಹಳೆಯ ಶಿಷ್ಯ ಎಂದು ಡ್ರಿಲ್ ಮೇಷ್ಟ್ರು ಹೇಳಿದರು. ಆದರೆ ಖಾಸಗಿ ಜಾಗ ವಶಕ್ಕೆ ತೆಗೆದುಕೊಳ್ಳಲು ಕಾರಣ ಬೇಕಲ್ಲ. ತಹಸೀಲ್ದಾರರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಸಂತ್ರಸ್ತರ ಸಾಮಾನು ಸರಂಜಾಮು ಇಡಲು ಆಲೆಮನೆಯನ್ನು ತಾತ್ಕಾಲಿಕವಾಗಿ ಪಡೆಯಲಾಗಿದೆ ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರು ಓದಿ ಹುಬ್ಬೇರಿಸಿದರು. ತಹಸೀಲ್ದಾರರು ಗಂಭೀರವಾಗಿ, ಎಮ್ಮಿ ಸಾಮಾನು ಅಲ್ಲೇನ್ರಿ ಎಂದು ಕೇಳಿದರು.

ಅಷ್ಟಾದ ಮೇಲೆ ಕೊಪ್ಪಲು ಖಾಲಿಯಾದ ವೇಗ ನೋಡಬೇಕಿತ್ತು. ದನಕರುಗಳು ಸಾಲುಗಟ್ಟಿ ರಸ್ತೆಗೆ ಬಂದವು. ಯಜಮಾನರು ಡೈರಿಯವರ ಒಪ್ಪಿಗೆ ಕೇಳಿ ಹಾಲಿನ ವ್ಯಾನು ತಂದರು. ಅದರಲ್ಲಿ ಮುದುಕರು, ಬಾಣಂತಿಯರು, ರಾಗಿ ಚೀಲಗಳು, ಪಾತ್ರೆಗಳು, ಒಂದು ಹೊಲಿಗೆ ಯಂತ್ರ ಎಲ್ಲ ಹೋದವು. ಹೊಳೆ ನೋಡಲು ಮೈಸೂರಿನಿಂದಲೂ ಜನ ಬಂದಿದ್ದರು. ಅವರನ್ನು ಹಗ್ಗದ ಆಚೆ ನಿಲ್ಲಿಸುವುದು ಹೂವಿನವಳ ಪಾಲಿಗೆ ಬಂತು. ಅವಳು ಸೇವಂತಿಗೆ ಮಾರುವ ದನಿಯಲ್ಲೇ ಹಿಂದೆ ಹೋಗಿ, ಹಿಂದೆ ಹೋಗಿ ಎಂದು ಕೂಗುತ್ತಿದ್ದಳು. ಅಗ್ನಿಶಾಮಕದವರ ದೋಣಿಗೆ ಗಾಳಿ ತುಂಬಿದರು, ಮೋಟಾರು ಮಾತ್ರ ಹತ್ತಲಿಲ್ಲ. ಅದಕ್ಕೇ ಹುಟ್ಟು ಹಾಕಲು ಇಬ್ಬರು ಮೀನುಗಾರರನ್ನು ಕರೆದು ಕೂರಿಸಿದರು, ದೋಣಿ ಚೆನ್ನಾಗಿಯೇ ಓಡಿತು.

ಬಿಸಿಲು ಇಳಿಯುವ ಹೊತ್ತಿಗೆ ನೀರು ನಮ್ಮ ಬೀದಿಯ ಕೆಳ ತುದಿಗೆ ಬಂತು. ಕೆಂಪು ನೀರು, ಸದ್ದಿಲ್ಲದೆ, ಅತಿಥಿಯ ಹಾಗೆ ಒಂದೊಂದೇ ಮನೆಯ ಮೆಟ್ಟಿಲು ಮುಟ್ಟುತ್ತ ಬಂತು. ನಾನು ಎಲ್ಲ ಬಾಗಿಲು ನೋಡಿಕೊಂಡು ಕೊಪ್ಪಲು ಖಾಲಿ ಎಂದು ಮೇಷ್ಟ್ರಿಗೆ ಕೂಗಿ ಹೇಳಿದೆ. ಆಗ ಯಜಮಾನರು ವ್ಯಾನಿನಿಂದ ಇಳಿದು, ಅವ್ವ ಎಲ್ಲಿ ಎಂದರು. ಅತ್ತೆ ದನಗಳ ಜೊತೆ ಆಲೆಮನೆಗೆ ಹೋಗಿದ್ದಾರೆ ಎಂದು ನಾನು ತಿಳಿದಿದ್ದೆ, ನನ್ನ ಜೊತೆ ಇದ್ದಾರೆ ಎಂದು ಯಜಮಾನರು ತಿಳಿದಿದ್ದರು.

ನೋಡಿದರೆ ಅತ್ತೆ ನಮ್ಮ ಹಿತ್ತಲಿನಲ್ಲಿದ್ದರು. ಕಾವಿಗೆ ಕೂತ ಕೋಳಿಯೊಂದು ಹಿತ್ತಲ ಬುಟ್ಟಿಯಲ್ಲಿ ಉಳಿದುಬಿಟ್ಟಿತ್ತಂತೆ, ಅದನ್ನು ತರಲು ಅರ್ಧ ದಾರಿಯಿಂದ ವಾಪಸು ಬಂದಿದ್ದರು. ನಾನು ಹೋಗುವ ಹೊತ್ತಿಗೆ ಬೀದಿಯಲ್ಲಿ ಮಂಡಿಯುದ್ದ ನೀರು. ಅವರ ಕಾಲು ಮೊದಲೇ ನೋವಿನದು, ಆ ಸೆಳವಿನಲ್ಲಿ ನಡೆಸುವಂತಿರಲಿಲ್ಲ. ಬನ್ನಿ ಹೊರುತ್ತೇನೆ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ನೀನು ನನ್ನ ಒತ್ಕೊಂಡೋಗ್ತೀಯಾ? ಅದೆಂಗವ್ವ?”

ಹೇಗೆಂದು ಹೇಳುತ್ತ ಕೂರಲು ಹೊತ್ತಿರಲಿಲ್ಲ. ಕೈ ಹಿಡಿದೆ, ಬಗ್ಗಿದೆ, ಹೆಗಲ ಮೇಲೆ ಅಡ್ಡ ಹಾಕಿಕೊಂಡು ಮಂಡಿಯ ಬಲದಿಂದ ಎದ್ದೆ. ಕೋಳಿಯ ಬುಟ್ಟಿ ಅವರ ಕೈಯಲ್ಲೇ ಇತ್ತು, ಅದು ನನ್ನ ಬೆನ್ನ ಹಿಂದೆ ತೂಗಾಡುತ್ತಿತ್ತು. ಒಳಗೆ ಕೋಳಿ ಕೊರ್ ಎನ್ನುತ್ತಿತ್ತು. ನೀರು ಕಾಲನ್ನು ಎಳೆಯುತ್ತಿತ್ತು, ನಾನು ಗೋಡೆ ಹಿಡಿದು ಪಾದ ಉಜ್ಜಿಕೊಂಡು ನಡೆದೆ. ಭಯವಾಗಿತ್ತು. ಆದರೆ ಅತ್ತೆ ಉದ್ದಕ್ಕೂ ಬುಟ್ಟಿ ನೆಟ್ಟಗಿದೆಯಾ, ಮೊಟ್ಟೆ ಒಡೆದೀತು, ಮೆಲ್ಲಗೆ ನಡಿ ಎನ್ನುತ್ತಲೇ ಇದ್ದದ್ದರಿಂದ ಭಯ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೇಷ್ಟ್ರು ಹಗ್ಗ ಎಸೆದರು, ಯಜಮಾನರು ಎದೆಗಟ್ಟಿ ಮಾಡಿಕೊಂಡು ನೀರಿಗಿಳಿದು ಬಂದು ನನ್ನ ರಟ್ಟೆ ಹಿಡಿದರು. ಹಗ್ಗದ ಆಚೆ ನಿಂತಿದ್ದ ಮೈಸೂರಿನವರು ಚಪ್ಪಾಳೆ ತಟ್ಟಿದರು. ಹೊಳೆ ನೋಡಲು ಬಂದವರಿಗೆ ಅತ್ತೆಯನ್ನು ಹೊತ್ತ ಸೊಸೆಯನ್ನು ನೋಡುವ ಭಾಗ್ಯವೂ ಸಿಕ್ಕಿತು. ಒಣ ನೆಲದ ಮೇಲೆ ಇಳಿಸಿದ ಕೂಡಲೇ ಅತ್ತೆ ಸೀರೆ ಸರಿಮಾಡಿಕೊಂಡು, ಬುಟ್ಟಿಯೊಳಗೆ ಇಣುಕಿ, ಒಂದೂ ಒಡೆದಿಲ್ಲ ಎಂದು ಎಲ್ಲರಿಗೂ ತಿಳಿಸಿದರು.

ಗಂಜಿ ಕೇಂದ್ರದಲ್ಲಿ ಆ ದಿನ ಅನ್ನ ಸಾಂಬಾರು. ಮಾರನೆಯ ದಿನ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾಂಬಾರು, ರಾತ್ರಿ ಮತ್ತೆ ಅದೇ. ಜನ ಊಟ ಮಾಡಿ ಎದ್ದು, ಊಟವೇ ಆಗಲಿಲ್ಲವೆಂಬ ಮುಖ ಮಾಡಿಕೊಂಡು ಓಡಾಡತೊಡಗಿದರು. ಗದ್ದೆ ಕೆಲಸದವರಿಗೆ ಅನ್ನ ತಿಂದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಒಬ್ಬ ಹಿರಿಯರಂತೂ ಸರ್ಕಾರ ನಮ್ಮನ್ನು ನೀರಿನಿಂದ ಎತ್ತಿ ಉಪವಾಸಕ್ಕೆ ಹಾಕಿತು ಎಂದರು. ಮುದ್ದೆ ಹಾಕಿಸಿ ಎಂದು ಕೇಳಲು ನನ್ನನ್ನೇ ಕಳಿಸಿದರು.

ತಹಸೀಲ್ದಾರರು ತಲೆ ಕೆರೆದುಕೊಂಡರು. ಮಂಜೂರಾತಿ ಇರುವುದು ಅಕ್ಕಿಗೆ ಮತ್ತು ಬೇಳೆಗೆ. ರಾಗಿಯ ಬಿಲ್ಲು ಕಳಿಸಿದರೆ ಲೆಕ್ಕಪರಿಶೋಧನೆಯವರು ಗುರುತು ಹಾಕಿ ಕೇಳುತ್ತಾರೆ ಎಂದರು. ನಾನು ಬಂದು ಅತ್ತೆಗೆ ಹೇಳಿದೆ. ಅವರು ಇಷ್ಟೇನಾ ಎನ್ನುವಂತೆ ನೋಡಿದರು. ರಾಗಿ ನಮ್ಮ ಚೀಲಗಳಲ್ಲಿಯೇ ಇದೆ, ವ್ಯಾನಿನಲ್ಲಿ ಬಂದದ್ದು. ಸೌದೆ, ಪಾತ್ರೆ, ಬೇಳೆ, ಉಪ್ಪು ಸರ್ಕಾರದ್ದು ಇರಲಿ. ಹಿಟ್ಟು ನಮ್ಮದು, ತಿರುವುವ ಕೈ ನಮ್ಮದು. ಇದಕ್ಕೆ ಯಾವ ಬಿಲ್ಲು? ಯಜಮಾನರು ಪಟ್ಟಣದ ಗಿರಣಿಗೆ ರಾಗಿ ಒಯ್ದು ಹಿಟ್ಟು ಮಾಡಿಸಿಕೊಂಡು ಬಂದರು. ಶಾಲೆಯ ಹಿಂದೆ ಅತ್ತೆಯ ಮುಂದಾಳತ್ವದಲ್ಲಿ ಹೆಂಗಸರು ಒಲೆ ಹೂಡಿದರು. ಎಸರು ಕುದಿದು, ಹಿಟ್ಟಿನ ಕೋಲು ಒಳಗಿಳಿದು, ಆ ಪರಿಮಳ ವರಾಂಡಕ್ಕೆ ಬಂದಾಗ ಗಂಡಸರು ಕರೆಯುವ ಮೊದಲೇ ಸಾಲು ಕೂತಿದ್ದರು. ಆ ಮಧ್ಯಾಹ್ನ ಶಾಲೆಯಲ್ಲಿ ಮಾತೇ ಕೇಳಲಿಲ್ಲ.

ತಹಸೀಲ್ದಾರರನ್ನೂ ಕೂರಿಸಿದರು. ಅವರು ರೊಟ್ಟಿಯ ನಾಡಿನವರು, ಮುದ್ದೆಯನ್ನು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು, ಅದು ಹಲ್ಲಿಗೆ ಮೆತ್ತಿಕೊಂಡು ಮಾತಾಡಲೂ ಆಗದೆ ನಮ್ಮನ್ನು ನೋಡಿದರು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅತ್ತೆ ಅವರ ಎದುರು ಕೂತು, ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ ತೋರಿಸಿದರು. “ಅಗೀಬಾರ್ದು ಸ್ವಾಮಿ. ನಂಬಿಕೆ ಇಟ್ಟು ನುಂಗ್ಬೇಕು.” ಅವರು ಕಣ್ಣು ಮುಚ್ಚಿ ನುಂಗಿದರು. ಎರಡನೆಯ ತುತ್ತಿಗೆ ಕಣ್ಣು ತೆರೆದರು. ಆಮೇಲೆ ದಿನವೂ ಪರಿಶೀಲನೆಗೆಂದು ಊಟದ ಹೊತ್ತಿಗೇ ಬರುತ್ತಿದ್ದರು.

ಹೊಳೆ ಇಳಿಯಿತು. ಮನೆಗಳ ಒಳಗೆ ಪಾದ ಮುಳುಗುವಷ್ಟು ಗೋಡುಮಣ್ಣು ಮೆತ್ತಿತ್ತು. ಕೆಳಗಿನ ಬೀದಿಯಲ್ಲಿ ಮಣ್ಣಿನ ಗೋಡೆಗಳು ಕುಸಿದಿದ್ದವು, ಅವರಿಗೆ ಪರಿಹಾರ ಬರಲು ತಿಂಗಳುಗಳು ಬೇಕಾದವು, ಆದರೆ ಬಂತು. ಜನರಲ್ಲಿ, ದನಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ದಿನ ತುಂಬಿದ್ದ ನಮ್ಮ ಸೀಮೆಹಸು ಆಲೆಮನೆಯಲ್ಲಿ ಕಬ್ಬಿನ ಸೋಗೆ ಮೇದು ಮೈ ತುಂಬಿಕೊಂಡು ಬಂದು, ಮನೆಯ ಕೊಟ್ಟಿಗೆಯಲ್ಲೇ ಕರು ಹಾಕಿತು.

ನಮ್ಮ ಭತ್ಯೆಯದು ಬೇರೆ ಕಥೆ. ನಮ್ಮನ್ನು ಕರೆಸಿಕೊಂಡದ್ದು ಯಾರು ಎಂಬ ಪ್ರಶ್ನೆ ಎದ್ದಿತು. ತಹಸೀಲ್ದಾರರ ಸಭೆಗೆ ಹೋದದ್ದರಿಂದ ಕಂದಾಯದವರು ಕೊಡಬೇಕೆಂದು ಪೊಲೀಸರು, ಹೊಳೆ ನೋಡಲು ಬಂದವರನ್ನು ತಡೆದು ಹಗ್ಗ ಹಿಡಿದದ್ದರಿಂದ ಅದು ಬಂದೋಬಸ್ತು, ಪೊಲೀಸರದ್ದೇ ಎಂದು ಕಂದಾಯದವರು. ಡ್ರಿಲ್ ಮೇಷ್ಟ್ರು ಎರಡೂ ಕಚೇರಿಗೆ ಸೈಕಲ್ಲು ತುಳಿದರು. ಕೊನೆಗೆ ಸಂಕ್ರಾಂತಿಯ ಹೊತ್ತಿಗೆ ಎರಡೂ ಕಡೆಯಿಂದ ಅರ್ಧರ್ಧ ಬಂತು. ಹೂವಿನವಳಿಗೆ ಬಹಳ ಸಮಾಧಾನ. ಶೂವಿನ ಹಾಗೇ ಇದೂ ಎಂದಳು.

ಅದೇ ಹೊತ್ತಿಗೆ ಜಿಲ್ಲೆಯ ಕಮಾಂಡೆಂಟರು ನಮ್ಮ ಘಟಕ ನೋಡಲು ಬಂದರು. ಹೊಳೆಯ ಕೆಲಸವನ್ನು ಮೆಚ್ಚಿಕೊಂಡು, ನಿಮಗೇನು ಬೇಕು ಕೇಳಿ ಎಂದರು. ನಾನೇ ಧೈರ್ಯ ಮಾಡಿ, ಮಳೆಗಾಲದ ಡ್ಯೂಟಿಗೆ ರೈನ್‌ಕೋಟು ಇದ್ದರೆ ಚೆನ್ನಾಗಿತ್ತು ಸಾರ್ ಎಂದೆ. ಬರೆದುಕೊಂಡರು. ಇಂಥದ್ದೆಲ್ಲ ಬರೆದುಕೊಳ್ಳುವುದಕ್ಕೇ ಮುಗಿಯುತ್ತದೆ ಎಂದು ನಾವು ಮರೆತೆವು.

ಮಾರ್ಚ್ ತಿಂಗಳ ಕೊನೆಯಲ್ಲಿ, ಪಾಂಡವಪುರದ ಮೈದಾನಕ್ಕೆ ಎಲ್ಲರೂ ಕೂಡಲೇ ಬರಬೇಕೆಂದು ಸುದ್ದಿ ಬಂತು. ಹೋದರೆ ಮಂಡ್ಯದಿಂದ ಬಂದ ವ್ಯಾನಿನ ತುಂಬ ರೈನ್‌ಕೋಟು. ವರ್ಷದ ಲೆಕ್ಕ ಮಾರ್ಚಿಗೆ ಮುಗಿಯುತ್ತದೆ, ಖರ್ಚಾಗದ ಹಣ ವಾಪಸು ಹೋಗುತ್ತದೆ, ಅದಕ್ಕೇ ಈ ಅವಸರ ಎಂದು ಮೇಷ್ಟ್ರು ವಿವರಿಸಿದರು. ವಿತರಣೆ ಆಗಿದೆ ಎಂದು ತೋರಿಸಲು ಫೋಟೋ ಬೇಕಂತೆ, ಅದಕ್ಕೆ ಎಲ್ಲರೂ ತೊಟ್ಟು ನಿಲ್ಲಬೇಕಂತೆ. ನೆಲ ಕಾದು ಶೂ ಸುಡುತ್ತಿತ್ತು. ನಾವು ಹೆಂಗಸರೂ ಗಂಡಸರೂ ಕತ್ತಿನವರೆಗೆ ಗುಂಡಿ ಹಾಕಿಕೊಂಡು, ತಲೆಗೆ ಟೊಪ್ಪಿಗೆ ಎಳೆದುಕೊಂಡು, ಉರಿಬಿಸಿಲಿನಲ್ಲಿ ಮೂರು ಸಾಲಾಗಿ ನಿಂತೆವು. ಮೈದಾನದ ಪಕ್ಕ ಹೋಗುತ್ತಿದ್ದ ಬಸ್ಸೊಂದು ನಿಧಾನ ಮಾಡಿತು. ಕಿಟಕಿಗಳಲ್ಲಿ ತಲೆಗಳು ಹೊರಬಂದು ನಮ್ಮನ್ನು ನೋಡಿ, ಆಮೇಲೆ ಆಕಾಶ ನೋಡಿದವು.

ಫೋಟೋದವನು ನಗಬೇಡಿ, ನಗಬೇಡಿ ಎಂದು ಬೇಡಿಕೊಂಡ. ನಮ್ಮ ಸಾಲು ಕುಲುಕುತ್ತಲೇ ಇತ್ತು. ಕೊನೆಗೆ ಅವನೂ ನಗುತ್ತ ಹೇಗೋ ಒತ್ತಿದ. ರೈನ್‌ಕೋಟು ಬಿಚ್ಚಿದಾಗ ಸೀರೆಯೆಲ್ಲ ಬೆವರಿಗೆ ತೊಪ್ಪೆಯಾಗಿತ್ತು, ಜೋರು ಮಳೆಯಲ್ಲೂ ಅಷ್ಟು ನೆನೆಯುತ್ತಿರಲಿಲ್ಲ. ಹೂವಿನವಳೂ ನಾನೂ ಅವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆವು. ಅಲ್ಲಿ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತು, ಶುಂಠಿ ನಿಂಬೆ ಹಾಕಿಸಿ ಒಂದೊಂದು ಲೋಟ ಕುಡಿದು, ಸಾಲದೆಂದು ಇನ್ನೊಂದೊಂದು ಕುಡಿದೆವು. ಶ್ರೀರಂಗಪಟ್ಟಣದ ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಅವಳು ಹಿಡಿದಳು.